ಇಕ್ಕಟ್ಟಾದ ಓಣಿಯಲ್ಲಿ ಬೆಂಕಿ: ಅಗ್ನಿಶಾಮಕ ವಾಹನ ಬರುವ ಮೊದಲು ನಾವು ಮಾಡಿಕೊಳ್ಳಬೇಕಾದ ಸಿದ್ಧತೆ ಏನು?

ಚೌಕಿಪೇಟೆ ನಿವಾಸಿ, ದಾವಣಗೆರೆ (ಮಾರ್ಚ್ 24)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಚೌಕಿಪೇಟೆಯ ಒಂದು ಓಣಿಯಲ್ಲಿ ನಮ್ಮ ಮನೆಯಿದೆ. ಹಳೆಯ ಪೇಟೆಯ ಬಹುತೇಕ ಕಟ್ಟಡಗಳಂತೆ ನಮ್ಮದರಲ್ಲಿಯೂ ಕೆಳಗೆ ಬಟ್ಟೆ ಅಂಗಡಿ, ಅದರ ಮೇಲೆ ಅಂಗಡಿಯ ದಾಸ್ತಾನು, ಇನ್ನೂ ಮೇಲಿನ ಎರಡು ಮಹಡಿಗಳಲ್ಲಿ ಐದು ಸಂಸಾರಗಳಿವೆ. ಎಂಬತ್ತು ದಾಟಿದ ನನ್ನ ತಾಯಿ ಕೊನೆಯ ಮಹಡಿಯಲ್ಲಿ ನಮ್ಮೊಂದಿಗೆ ಇದ್ದಾರೆ. ಹತ್ತಿ ಇಳಿಯಲು ಇರುವುದು ಒಂದೇ ಮೆಟ್ಟಿಲು.

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಯ ಸುಮಾರಿಗೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಿಂದ ಕಿಡಿ ಹಾರಿ, ಅದರ ಅಡಿಯಲ್ಲಿಯೇ ಪೇರಿಸಿಟ್ಟಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳಿಗೆ ಬೆಂಕಿ ಹತ್ತಿಕೊಂಡಿತು. ಉರಿ ಅಷ್ಟೇನೂ ದೊಡ್ಡದಾಗಿರಲಿಲ್ಲ; ಆದರೆ ಮೆಟ್ಟಿಲಿನ ಜಾಗವೇ ಹೊಗೆಗೂಡಿನಂತಾಗಿ, ನಾವು ಬಾಗಿಲು ತೆರೆದು ನೋಡುವಷ್ಟರಲ್ಲಿ ಮೇಲಿನ ಮಹಡಿಯವರೆಗೂ ಕಪ್ಪು ಹೊಗೆ ತುಂಬಿಕೊಂಡಿತ್ತು. ಕೆಳಗಿಳಿಯುವುದು ಸಾಧ್ಯವಿಲ್ಲವೆಂದು ತಿಳಿದು ತಾಯಿಯವರನ್ನು ಎತ್ತಿಕೊಂಡು ತಾರಸಿಗೆ ಹೋದರೆ ತಾರಸಿಯ ಬಾಗಿಲಿಗೆ ಬೀಗ ಹಾಕಿತ್ತು, ಬೀಗದ ಕೈ ಬೇರೆ ಬಡಾವಣೆಯಲ್ಲಿರುವ ಮಾಲೀಕರ ಬಳಿ ಇತ್ತು. ಪಕ್ಕದ ಮನೆಯ ಹುಡುಗ ಕಬ್ಬಿಣದ ಸಲಾಕೆಯಿಂದ ಚಿಲಕ ಕೀಳುವವರೆಗೆ ನಾವು ಆ ಹೊಗೆಯಲ್ಲಿಯೇ ನಿಂತಿದ್ದೆವು.

ಅಂಗಡಿಯ ಗೋಡೆಗೆ ಒಂದು ಅಗ್ನಿನಂದಕವನ್ನು ತೂಗುಹಾಕಲಾಗಿತ್ತು. ಕೆಳಗಿದ್ದವರೊಬ್ಬರು ಅದನ್ನು ಇಳಿಸಿ ಪಿನ್ನು ಎಳೆದರೂ ತುಕ್ಕು ಹಿಡಿದಿದ್ದ ಪಿನ್ನು ಕದಲಲಿಲ್ಲ. ಮರುದಿನ ನಾನು ಹತ್ತಿರದಿಂದ ನೋಡಿದಾಗ ಅದರ ಮಾಪಕದ ಮುಳ್ಳು ಕೆಂಪು ಪಟ್ಟಿಯಲ್ಲಿತ್ತು. ಕತ್ತಿಗೆ ಕಟ್ಟಿದ್ದ ಚೀಟಿಯ ಮೇಲಿನ ದಿನಾಂಕ ಮಾಸಿಹೋಗಿ ಓದಲು ಬರುತ್ತಿರಲಿಲ್ಲ. ಅಗ್ನಿಶಾಮಕ ವಾಹನ ಬೇಗನೆ ಬಂದರೂ ಓಣಿಯ ಬಾಯಲ್ಲಿ ನಿಲ್ಲಿಸಿದ್ದ ಎರಡು ಸರಕಿನ ಆಟೊಗಳನ್ನು ದಾಟಲಾಗದೆ ಅಲ್ಲಿಯೇ ನಿಂತಿತು. ಸಿಬ್ಬಂದಿಯವರು ಹೋಸ್ ಪೈಪಿನ ಸುರುಳಿಗಳನ್ನು ಹೆಗಲ ಮೇಲೆ ಹೊತ್ತು ಓಡಿಬಂದು ಕೆಲವೇ ನಿಮಿಷಗಳಲ್ಲಿ ಬೆಂಕಿಯನ್ನು ಆರಿಸಿದರು. ಯಾರಿಗೂ ಗಾಯವಾಗಲಿಲ್ಲ. ತಾಯಿಯವರಿಗೆ ಎರಡು ದಿನ ಕೆಮ್ಮು ಬಿಡಲಿಲ್ಲ.

ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅಗ್ನಿಶಾಮಕ ಇಲಾಖೆಯವರು ನಮ್ಮಂತಹ ಓಣಿಗಳಿಗೆ ಬಂದು ಪರಿಶೀಲನೆ ಮಾಡಿ, ಜನರಿಗೆ ತರಬೇತಿ ಕೊಡುತ್ತಾರೆಯೇ? ಅದಕ್ಕೆ ಯಾರನ್ನು, ಹೇಗೆ ಕೇಳಬೇಕು? ಅವರು ಬರುವ ಮೊದಲು ನಾವೇ ಸರಿಪಡಿಸಿಕೊಳ್ಳಬೇಕಾದವು ಯಾವುವು? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಪ್ರಮುಖ ಅಗ್ನಿಶಾಮಕ (ಮಾರ್ಚ್ 24)

ನಿಮ್ಮ ತಾಯಿಯವರು ಚೇತರಿಸಿಕೊಂಡದ್ದು ತಿಳಿದು ಸಮಾಧಾನವಾಯಿತು. ಸೇವೆಯಲ್ಲಿದ್ದಷ್ಟು ಕಾಲವೂ ನಾನು ಹೆದರಿದ್ದು ಉರಿಗಿಂತ ಹೊಗೆಗೆ. ಬೆಂಕಿ ಅನಾಹುತಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸುಟ್ಟುಕೊಂಡು ಸಾಯುವುದಿಲ್ಲ, ಹೊಗೆ ಕುಡಿದು ಸಾಯುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಕೊಳ್ಳುವುದರಿಂದ ಮನುಷ್ಯನಿಗೆ ಕಾಲು ಸೋತು, ಬುದ್ಧಿ ಮಂಕಾಗಿ, ಎದುರಿಗಿರುವ ಬಾಗಿಲು ಕೂಡ ತೋಚದಂತಾಗುತ್ತದೆ. ಆದ್ದರಿಂದ ಮೊದಲು ಒಂದು ಮಾತನ್ನು ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಹೊಗೆ ತುಂಬಿದ ಮೆಟ್ಟಿಲಿನಲ್ಲಿ ಮೇಲಕ್ಕೆ ಹತ್ತಿದ್ದು ಸರಿಯಾದ ಕ್ರಮವಲ್ಲ. ಹೊಗೆಯೂ ಮೇಲಕ್ಕೇ ಹೋಗುತ್ತದೆ. ಮನೆಯ ಬಾಗಿಲನ್ನು ಮುಚ್ಚಿ, ಬಾಗಿಲಿನ ಸಂದಿಗೆ ಒದ್ದೆ ಟವೆಲ್ ಅಥವಾ ಹಳೆಯ ಸೀರೆಯನ್ನು ತುರುಕಿ, ಬೀದಿಯ ಕಡೆಯ ಕಿಟಕಿಯ ಬಳಿ ಹೋಗಿ ಎಲ್ಲರಿಗೂ ಕಾಣುವಂತೆ ಬಟ್ಟೆ ಬೀಸಿ ಕೂಗಬೇಕು. ಮುಚ್ಚಿದ ಒಂದು ಮರದ ಬಾಗಿಲು ಕೊಡುವ ಹತ್ತು ನಿಮಿಷ ನಮ್ಮವರಿಗೆ ಬಹಳ ದೊಡ್ಡ ಅವಕಾಶ. ಹೊಗೆಯಲ್ಲಿ ನಡೆಯಲೇಬೇಕಾದರೆ ನೆಲಕ್ಕೆ ಬಾಗಿ ತೆವಳಬೇಕು, ಏಕೆಂದರೆ ಉಸಿರಾಡಬಹುದಾದ ಗಾಳಿ ಉಳಿಯುವುದು ನೆಲದ ಹತ್ತಿರ ಮಾತ್ರ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಖಂಡಿತವಾಗಿಯೂ ಬರುತ್ತಾರೆ. ಓಣಿಯ ನಿವಾಸಿಗಳು ಮತ್ತು ಅಂಗಡಿಯವರು ಒಟ್ಟಾಗಿ ಸಹಿ ಮಾಡಿ, ಅಗ್ನಿಶಾಮಕ ಠಾಣಾಧಿಕಾರಿಯವರ ಹೆಸರಿಗೆ ಒಂದು ಮನವಿಯನ್ನು ಬರೆದು, ಠಾಣೆಗೆ ಖುದ್ದಾಗಿ ಹೋಗಿ ಕೊಡಿ. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯ ಅಡಿಯಲ್ಲಿ ನಡೆಯುತ್ತಿರುವ ಈ ಇಲಾಖೆಯ ಹೆಸರೇ ಇಂದು ಅಗ್ನಿಶಾಮಕ ಮತ್ತು ತುರ್ತು ಸೇವೆಗಳು ಎಂದಾಗಿದೆ. ಬಾವಿಗೆ ಬಿದ್ದ ದನವನ್ನು ಎತ್ತುವುದರಿಂದ ಹಿಡಿದು ಪ್ರವಾಹದಲ್ಲಿ ಸಿಕ್ಕಿದವರನ್ನು ದಡಕ್ಕೆ ತರುವವರೆಗೆ ಎಲ್ಲವೂ ಅದರ ಕೆಲಸ. ಶಾಲೆ, ಆಸ್ಪತ್ರೆ, ಕಾರ್ಖಾನೆ, ಬಡಾವಣೆಗಳಲ್ಲಿ ಅಣಕು ಪ್ರದರ್ಶನ ನಡೆಸಿ ಜನರ ಕೈಯಿಂದಲೇ ಬೆಂಕಿ ಆರಿಸುವುದನ್ನು ಅಭ್ಯಾಸ ಮಾಡಿಸುವುದೂ ಅಷ್ಟೇ ಮುಖ್ಯವಾದ ಕೆಲಸ, ಆದರೆ ಜನ ಅದನ್ನು ಕೇಳಿ ಪಡೆಯುವುದು ಕಡಿಮೆ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರಕ್ಕೆ ಹೊಂದಿಸಿ ಕೇಳಿದರೆ ಇನ್ನೂ ಒಳ್ಳೆಯದು. ಸಪ್ತಾಹದ ಹಿನ್ನೆಲೆಯನ್ನು ನಮ್ಮ ಊರಿನವರು ವಿಶೇಷವಾಗಿ ತಿಳಿದಿರಬೇಕು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿಯ ಬೇಲುಗಳೂ ಸ್ಫೋಟಕಗಳೂ ಒಟ್ಟಿಗೆ ಇದ್ದವು. ಹತ್ತಿಗೆ ಹೊತ್ತಿಕೊಂಡ ಬೆಂಕಿಯನ್ನು ಆರಿಸಲು ಗಂಟೆಗಟ್ಟಲೆ ನೀರು ಹಾಯಿಸಿದರೂ ಅದು ಒಳಗೊಳಗೇ ಬೆಳೆದು, ಸಂಜೆ ನಾಲ್ಕು ಗಂಟೆ ಕಳೆದ ಕೆಲವೇ ನಿಮಿಷಗಳಲ್ಲಿ ಹಡಗು ಸಿಡಿಯಿತು. ಕರ್ತವ್ಯದಲ್ಲಿದ್ದ 66 ಮಂದಿ ಅಗ್ನಿಶಾಮಕರು ಅಂದು ಪ್ರಾಣ ಕೊಟ್ಟರು. ಹತ್ತಿ ಗಿರಣಿಗಳಿಂದ ಬೆಳೆದ ದಾವಣಗೆರೆಯ ಹಿರಿಯರಿಗೆ ಹತ್ತಿಯ ಬೆಂಕಿಯ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಆರಿದಂತೆ ಕಂಡರೂ ಬೇಲಿನ ಹೊಟ್ಟೆಯಲ್ಲಿ ಕೆಂಡ ದಿನಗಟ್ಟಲೆ ಉಳಿಯುತ್ತದೆ; ಒಂದೊಂದನ್ನೂ ಹೊರಗೆಳೆದು, ಬಿಚ್ಚಿ, ತೋಯಿಸಿದರೆ ಮಾತ್ರ ಕೆಲಸ ಮುಗಿಯುತ್ತದೆ. ನಿಮ್ಮ ಮೊದಲ ಮಹಡಿಯ ಬಟ್ಟೆಯ ಮೂಟೆಗಳೂ ಅದೇ ಜಾತಿಯವು.

ಓಣಿಯ ದಾರಿಯ ವಿಷಯ. ಸಾಮಾನ್ಯವಾದ ಒಂದು ಜಲವಾಹನದಲ್ಲಿ 4,500 ಲೀಟರ್ ನೀರು ಇರುತ್ತದೆ. ನಿಮಿಷಕ್ಕೆ 450 ಲೀಟರ್‌ನಂತೆ ಒಂದೇ ಧಾರೆ ಬಿಟ್ಟರೂ ಅದು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ವಾಹನ ಕಟ್ಟಡದ ಎದುರಿಗೆ ನಿಂತರೆ ಆ ಹತ್ತು ನಿಮಿಷವೂ ಬೆಂಕಿಗೆ ಸಲ್ಲುತ್ತದೆ. ದೂರ ನಿಂತರೆ ಹೋಸುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಬರಬೇಕು. 63 ಮಿಲಿಮೀಟರ್ ವ್ಯಾಸದ, 15 ಮೀಟರ್ ಉದ್ದದ ಒಂದು ಹೋಸಿನಲ್ಲಿ ನೀರು ತುಂಬಿದಾಗ ನೀರಿನ ತೂಕವೇ ಸುಮಾರು 47 ಕಿಲೊ ಆಗುತ್ತದೆ. ಅಂತಹ ನಾಲ್ಕೈದು ಉದ್ದಗಳನ್ನು ಕತ್ತಲೆಯ ಮೆಟ್ಟಿಲಿನಲ್ಲಿ ಎಳೆಯುವುದು ಎಷ್ಟು ಕಷ್ಟವೆಂದು ನೀವೇ ಊಹಿಸಿ. ಎಷ್ಟೋ ರಾತ್ರಿ ನಾವು ಬೆಂಕಿಗಿಂತ ಹೆಚ್ಚಾಗಿ ನಿಲ್ಲಿಸಿದ ವಾಹನಗಳೊಂದಿಗೆ ಹೋರಾಡಿದ್ದೇವೆ. ರಾತ್ರಿ ಓಣಿಯ ಬಾಯಲ್ಲಿ ಒಂದು ಲಾರಿಯಷ್ಟು ಅಗಲದ ದಾರಿಯನ್ನು ಖಾಲಿ ಬಿಡುವುದಾಗಿ ಅಂಗಡಿಯವರಿಂದ ಒಪ್ಪಿಗೆ ಪಡೆಯಿರಿ. ಜೊತೆಗೆ ಓಣಿಯಲ್ಲಿ ಯಾರ ಮನೆಯ ಸಂಪು ದೊಡ್ಡದು, ಅದರ ಮುಚ್ಚಳ ಎಲ್ಲಿದೆ ಎಂಬುದನ್ನು ನಾಲ್ಕು ಜನ ತಿಳಿದಿರಬೇಕು. ನಮ್ಮ ನೀರು ಮುಗಿದ ಮೇಲೆ ಅದೇ ಆಸರೆ.

ಕರೆ ಮಾಡುವಾಗ 112 ಅಥವಾ 101, ಎರಡರಲ್ಲಿ ಯಾವುದಾದರೂ ಸರಿ. ಗಾಬರಿಯಲ್ಲಿ ಜನ ಬೆಂಕಿ, ಬೆಂಕಿ, ಬೇಗ ಬನ್ನಿ ಎಂದು ಹೇಳಿ ಫೋನ್ ಇಟ್ಟುಬಿಡುತ್ತಾರೆ. ಯಾವ ರಸ್ತೆ, ಹತ್ತಿರದ ಗುರುತು ಯಾವುದು, ಉರಿಯುತ್ತಿರುವುದು ಏನು, ಯಾವ ಮಹಡಿ, ಒಳಗೆ ಎಷ್ಟು ಜನ ಸಿಕ್ಕಿಕೊಂಡಿದ್ದಾರೆ, ದೊಡ್ಡ ವಾಹನ ಯಾವ ಕಡೆಯಿಂದ ಒಳಬರಬಹುದು, ಇಷ್ಟನ್ನು ಹೇಳಿ, ಆ ಕಡೆಯವರು ಸಾಕು ಎನ್ನುವವರೆಗೆ ಫೋನ್ ಇಡಬಾರದು. ಒಬ್ಬರು ಮುಖ್ಯರಸ್ತೆಗೆ ಬಂದು ನಿಂತು ದಾರಿ ತೋರಿಸಬೇಕು.

ಅಗ್ನಿನಂದಕದ ಬಗ್ಗೆ ಒಂದೆರಡು ಮಾತು. ನಿಮ್ಮ ಕಟ್ಟಡಕ್ಕೆ ಎಬಿಸಿ ಪುಡಿಯದು ಸೂಕ್ತ. ಬಟ್ಟೆ, ಎಣ್ಣೆ, ಅನಿಲ ಮೂರಕ್ಕೂ ನಡೆಯುತ್ತದೆ, ವಿದ್ಯುತ್ ಬೋರ್ಡಿನ ಮೇಲೂ ಬಳಸಬಹುದು. ಆರು ಕಿಲೊದ ಸಿಲಿಂಡರ್ ಒತ್ತಿಹಿಡಿದರೆ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ಆದ್ದರಿಂದ ಎಂಟು ಹತ್ತು ಅಡಿ ದೂರದಲ್ಲಿ, ಹೊರಗೆ ಹೋಗುವ ದಾರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತು, ಜ್ವಾಲೆಯ ತುದಿಗೆ ಅಲ್ಲ, ಬುಡಕ್ಕೆ ಗುರಿಯಿಟ್ಟು, ಕಸ ಗುಡಿಸುವಂತೆ ಆ ಕಡೆಯಿಂದ ಈ ಕಡೆಗೆ ಬೀಸಬೇಕು. ತಿಂಗಳಿಗೊಮ್ಮೆ ಮಾಪಕದ ಮುಳ್ಳು ಹಸಿರಿನಲ್ಲಿದೆಯೇ, ಪಿನ್ನು ಸಡಿಲವಾಗಿದೆಯೇ ಎಂದು ನೋಡಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗೆ ಮಾಪಕವೇ ಇರುವುದಿಲ್ಲ. ಅದನ್ನು ತೂಗಿಯೇ ತಿಳಿಯಬೇಕು.

ಎಲೆಕ್ಟ್ರಿಷಿಯನ್, ನಿಟ್ಟುವಳ್ಳಿ (ಮಾರ್ಚ್ 25)

ಹಿರಿಯರು ಹೇಳಿದ್ದಕ್ಕೆ ನನ್ನ ಕಸುಬಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇಂತಹ ಬೆಂಕಿಗಳನ್ನೆಲ್ಲ ಶಾರ್ಟ್ ಸರ್ಕ್ಯೂಟ್ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಹಳೆಯ ಪೇಟೆಯಲ್ಲಿ ನಾನು ಬಿಚ್ಚಿ ನೋಡಿದ ಸುಟ್ಟ ಬೋರ್ಡುಗಳಲ್ಲಿ ಹೆಚ್ಚಿನವು ಸಡಿಲವಾದ ಜೋಡಣೆಯಿಂದ ಸುಟ್ಟಂತಹವು. ತಿರುಪು ಸಡಿಲವಾದ ಜಾಗದಲ್ಲಿ ತಂತಿ ಕಾಯುತ್ತದೆ, ಕಾದು ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಕಿಡಿ ಹಾರುತ್ತದೆ. ಅಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣ ಮಿತಿ ಮೀರದ ಕಾರಣ ಎಂಸಿಬಿ (ವಿದ್ಯುತ್ ಮಿತಿ ಮೀರಿ ಹರಿದಾಗ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ಚು) ಬೀಳುವುದೇ ಇಲ್ಲ. ಎಂಸಿಬಿ ಇದೆ, ನಮಗೆ ಭಯವಿಲ್ಲ ಎಂದು ಕುಳಿತವರು ಇದನ್ನು ಗಮನಿಸಬೇಕು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಹೊಸೆದು ಟೇಪು ಸುತ್ತಿದ ಜಾಗಗಳು ಇನ್ನೂ ಅಪಾಯಕಾರಿ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬೇಸಿಗೆಯಲ್ಲಿ ಎಸಿ ಹಾಕಿಸಿದ ಮೇಲೆ ಎಂಸಿಬಿ ಪದೇ ಪದೇ ಬೀಳುತ್ತದೆ ಎಂದು ತಂತಿ ಬದಲಿಸದೆ ದೊಡ್ಡ ಎಂಸಿಬಿಯನ್ನು ಕೂರಿಸುತ್ತಾರೆ. ದೀಪ ಮತ್ತು ಫ್ಯಾನಿಗೆಂದು ಎಳೆದ 1.5 ಚದರ ಮಿಲಿಮೀಟರ್ ತಂತಿಯ ಮೇಲೆ 32 ಆಂಪಿಯರ್ ಎಂಸಿಬಿ ಇದ್ದರೆ, ಗೋಡೆಯೊಳಗೆ ತಂತಿ ಕರಗಿದರೂ ಎಂಸಿಬಿ ಸುಮ್ಮನಿರುತ್ತದೆ. ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿಕೊಳ್ಳಿ; ಜನರಿಗೆ ಶಾಕ್ ತಗಲುವುದನ್ನು ತಡೆಯುವುದರ ಜೊತೆಗೆ ನೆಲಕ್ಕೆ ಸೋರುವ ವಿದ್ಯುತ್ತಿನಿಂದ ಹೊತ್ತುವ ಬೆಂಕಿಯನ್ನೂ ಅದು ತಡೆಯುತ್ತದೆ.

ಮೀಟರಿನವರೆಗಿನ ದೋಷಕ್ಕೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಮೀಟರಿನಿಂದ ಒಳಗಿನದು ಮಾಲೀಕರ ಹೊಣೆ. ಬೋರ್ಡಿನ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಅಥವಾ ಚರ್‌ಚರ್ ಸದ್ದು ಕೇಳಿದರೆ ಅಂದೇ ತೋರಿಸಬೇಕು, ನಾಳೆಗೆ ಬಿಡಬಾರದು. ಇನ್ನೊಂದು ವಿಚಾರ: ಈಗ ಎಲ್ಲ ಕಟ್ಟಡಗಳಲ್ಲಿಯೂ ವಿದ್ಯುತ್ ಸ್ಕೂಟರ್‌ಗಳನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ರಾತ್ರಿಯಿಡೀ ಚಾರ್ಜಿಗೆ ಹಾಕುತ್ತಿದ್ದಾರೆ. ಲಿಥಿಯಂ ಬ್ಯಾಟರಿ ಒಮ್ಮೆ ಹೊತ್ತಿಕೊಂಡರೆ ವಿಷದ ಹೊಗೆ ಉಕ್ಕುತ್ತದೆ, ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಒಂದೇ ಮೆಟ್ಟಿಲಿರುವ ಕಟ್ಟಡದಲ್ಲಿ ಆ ಮೆಟ್ಟಿಲ ಬುಡದಲ್ಲಿ ಅದನ್ನು ಚಾರ್ಜ್ ಮಾಡಲೇಬಾರದು.

ಮಿರ್ಚಿ ಮಂಡಕ್ಕಿ ಅಂಗಡಿಯವರು (ಮಾರ್ಚ್ 25)

ನಮ್ಮದು ಮೂವತ್ತು ವರ್ಷಗಳಿಂದ ಮೆಣಸಿನಕಾಯಿ ಕರಿಯುವ ಕೆಲಸ, ಬೀಗರ ಕಡೆ ಮಂಡಕ್ಕಿ ಭಟ್ಟಿಯೂ ಇದೆ. ಎರಡು ಬೆಂಕಿಗಳ ಬಗ್ಗೆ ನಾನು ಕಂಡು ಕಲಿತದ್ದನ್ನು ತಿಳಿಸುತ್ತೇನೆ.

ಬಾಣಲೆಯ ಎಣ್ಣೆ ಮಿತಿ ಮೀರಿ ಕಾದರೆ ಮೊದಲು ತೆಳ್ಳಗೆ ಹೊಗೆಯಾಡುತ್ತದೆ. ಆ ಹೊಗೆಯೇ ಎಚ್ಚರಿಕೆ. ಅಲ್ಲಿಯೂ ಒಲೆ ಆರಿಸದಿದ್ದರೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆಗ ನೀರು ಎರಚಿದವರ ಗತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ: ಹುಡುಗನೊಬ್ಬ ಒಂದು ಚೊಂಬು ನೀರು ಸುರಿದ ಕ್ಷಣಕ್ಕೆ ಉರಿಯುವ ಎಣ್ಣೆ ತಗಡಿನ ಮಾಡಿನವರೆಗೆ ಎದ್ದು ಅವನ ಎರಡೂ ಕೈಗಳ ಮೇಲೆ ಬಿತ್ತು. ನೀರು ಎಣ್ಣೆಯ ಕೆಳಗೆ ಇಳಿದು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ ಎಂದು ಅಗ್ನಿಶಾಮಕ ಠಾಣೆಯವರು ನಮ್ಮ ವರ್ತಕರ ಸಭೆಯಲ್ಲಿ ಹೇಳಿದ ಮೇಲೆ ನನಗೆ ಅದರ ಕಾರಣ ತಿಳಿಯಿತು. ಒಲೆ ಆರಿಸಿ, ಬಾಣಲೆಗಿಂತ ದೊಡ್ಡದಾದ ತಟ್ಟೆಯನ್ನು ಪಕ್ಕದಿಂದ ಜಾರಿಸುತ್ತಾ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯದೆ ಬಿಡಬೇಕು. ಅಂದಿನಿಂದ ನಮ್ಮ ಒಲೆಯ ಪಕ್ಕದ ಮೊಳೆಯಲ್ಲಿ ಅಂತಹ ಒಂದು ತಟ್ಟೆ ಸದಾ ತೂಗುತ್ತಿರುತ್ತದೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಇಂಕು ಹಚ್ಚದೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡುವುದೇ ಸರಿಯಾದ ಮೊದಲ ಚಿಕಿತ್ಸೆ ಎಂಬುದನ್ನೂ ಅಂದೇ ಕಲಿತೆವು.

ಭಟ್ಟಿಯಲ್ಲಿ ಉರಿಸುವ ಭತ್ತದ ಹೊಟ್ಟಿನ ರಾಶಿಯದು ಬೇರೆಯೇ ಬಗೆ. ಅದು ಜ್ವಾಲೆ ತೋರಿಸುವುದಿಲ್ಲ. ರಾಶಿಯ ಮೇಲೆ ಬೊಗಸೆಯಗಲದ ಕಪ್ಪು ಕುಳಿ ಕಾಣಿಸಿದರೆ ಒಳಗೆ ಆಗಲೇ ಕೆಂಡ ಹರಡಿದೆ ಎಂದರ್ಥ. ಮೇಲಿಂದ ಸುರಿದ ನೀರು ಹೊಟ್ಟಿನ ಮೇಲೆಯೇ ಜಾರಿ ಹೋಗುತ್ತದೆ. ಸಲಿಕೆಯಿಂದ ಹರವಿ, ಕೆದಕಿ, ಮತ್ತೆ ಮತ್ತೆ ನೆನೆಸಬೇಕು. ಸಂಜೆ ಆರಿತೆಂದು ಮನೆಗೆ ಹೋದವರು ಮಧ್ಯರಾತ್ರಿ ಮತ್ತೆ ಓಡಿಬಂದದ್ದುಂಟು.

ಚೌಕಿಪೇಟೆ ನಿವಾಸಿ, ದಾವಣಗೆರೆ (ಮಾರ್ಚ್ 26)

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮನವಿಗೆ ಹನ್ನೊಂದು ಅಂಗಡಿಯವರೂ ಹದಿನಾಲ್ಕು ಮನೆಯವರೂ ಸಹಿ ಮಾಡಿದ್ದಾರೆ, ನಾಳೆ ಠಾಣೆಗೆ ಕೊಡುತ್ತೇನೆ. ಒಂದು ಸಂದೇಹ ಉಳಿದಿದೆ. ಕೆಲವು ವರ್ತಕರು, ಇದೆಲ್ಲ ದೊಡ್ಡ ದೊಡ್ಡ ಕಟ್ಟಡಗಳಿಗೆ ಅನ್ವಯಿಸುವ ಮಾತು, ನಮ್ಮಂತಹ ಮೂರು ಮಹಡಿಯವರಿಗೆ ಯಾವ ಕಾನೂನೂ ಇಲ್ಲ ಎನ್ನುತ್ತಿದ್ದಾರೆ. ಅವರಿಗೆ ಏನು ಹೇಳಬೇಕು?

ನಿವೃತ್ತ ಪ್ರಮುಖ ಅಗ್ನಿಶಾಮಕ (ಮಾರ್ಚ್ 26)

ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳನ್ನು ಬಹುಮಹಡಿ ಎಂದು ಪರಿಗಣಿಸಿ ಅವುಗಳಿಗೆ ಹೆಚ್ಚಿನ ಷರತ್ತುಗಳನ್ನು ವಿಧಿಸುತ್ತದೆ ಎಂಬುದು ನಿಜ. ಹಾಗೆಂದು ಉಳಿದವರಿಗೆ ಹೊಣೆಯೇ ಇಲ್ಲವೆಂದು ತಿಳಿಯಬಾರದು. ಬೆಂಕಿ ಅಥವಾ ಸುಲಭವಾಗಿ ಉರಿಯುವ ವಸ್ತುಗಳ ವಿಷಯದಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನ ಪ್ರಕಾರ ಅದು ಶಿಕ್ಷಾರ್ಹ ಅಪರಾಧ, ಅಲ್ಲಿ ಮಹಡಿಗಳ ಲೆಕ್ಕವಿಲ್ಲ. ಆದರೆ ವರ್ತಕರ ಮುಂದೆ ಕಲಮು ಓದುವುದಕ್ಕಿಂತ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ನಡೆದದ್ದನ್ನು ಹೇಳಿ. ಅಲ್ಲಿ ಒಂಬತ್ತು ಜನ ತೀರಿಕೊಂಡರು. ಅವರನ್ನು ಕೊಂದದ್ದು ಮಹಾಜ್ವಾಲೆಯಲ್ಲ. ಹೊಗೆ, ಮುಚ್ಚಿಹೋಗಿದ್ದ ನಿರ್ಗಮನ ದಾರಿ, ಉಸಿರುಗಟ್ಟಿ ಕಿಟಕಿಯಿಂದ ಹಾರಿದ ಹತಾಶೆ. ನಿಮ್ಮ ಮೆಟ್ಟಿಲ ಕೆಳಗಿನ ರಟ್ಟಿನ ಪೆಟ್ಟಿಗೆಗೂ ತಾರಸಿಯ ಬೀಗಕ್ಕೂ ಅದಕ್ಕೂ ವ್ಯತ್ಯಾಸ ಬಹಳ ಇಲ್ಲ.

ಶಿಕ್ಷಕಿ, ಚಿತ್ರದುರ್ಗ (ಮಾರ್ಚ್ 28)

ಅಣಕು ಪ್ರದರ್ಶನದಿಂದ ನಿಜವಾದ ಪ್ರಯೋಜನವಿದೆಯೇ ಎಂದು ಹಲವರು ಕೇಳುವುದರಿಂದ ನಮ್ಮ ಶಾಲೆಯ ಅನುಭವವನ್ನು ಬರೆಯುತ್ತಿದ್ದೇನೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ 94 ಮಕ್ಕಳು ಬೆಂಕಿಗೆ ಬಲಿಯಾದ ಸುದ್ದಿಯನ್ನು ಓದಿದಾಗ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಆ ಸಂಖ್ಯೆ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಅಗ್ನಿಶಾಮಕ ಠಾಣೆಯವರು ಮೊದಲ ಸಲ ನಮ್ಮಲ್ಲಿ ತೆರವು ಅಭ್ಯಾಸ ನಡೆಸಿದಾಗ ಎಲ್ಲ ಮಕ್ಕಳೂ ಅಂಗಳಕ್ಕೆ ಬರಲು ಒಂಬತ್ತು ನಿಮಿಷ ಹಿಡಿಯಿತು. ಅರ್ಧದಷ್ಟು ಮಕ್ಕಳು ಚೀಲ ಮತ್ತು ನೀರಿನ ಬಾಟಲಿಗಾಗಿ ಹಿಂದಕ್ಕೆ ಓಡಿದರು, ಕೆಲವರು ಸಾಲಾಗಿ ಕುಳಿತು ಷೂ ಹಾಕಿಕೊಂಡರು. ಅದಕ್ಕಿಂತ ಹೆಚ್ಚಿನ ತಪ್ಪು ನಮ್ಮದು: ಅಂಗಳಕ್ಕೆ ಬಂದ ಮೇಲೆ ಹಾಜರಿ ಪುಸ್ತಕಗಳೆಲ್ಲ ತರಗತಿಯಲ್ಲಿಯೇ ಉಳಿದಿವೆ ಎಂದು ತಿಳಿಯಿತು, ಯಾರು ಒಳಗಿದ್ದಾರೆಂದು ಹೇಳಲು ನಮಗೆ ದಾರಿಯೇ ಇರಲಿಲ್ಲ. ಅಧಿಕಾರಿಗಳು ಗದರಿಸಲಿಲ್ಲ. ಒಂದನೇ ತರಗತಿಯ ಮಗುವೊಂದನ್ನು ಮೊದಲೇ ಶೌಚಾಲಯದಲ್ಲಿ ಕೂರಿಸಿದ್ದರು. ಅದನ್ನು ಕೈಹಿಡಿದು ಕರೆತಂದು, ಇವಳನ್ನು ನೀವು ಯಾರೂ ಹುಡುಕಲಿಲ್ಲ ಎಂದಷ್ಟೇ ಹೇಳಿದರು. ಅಂದು ನಾವು ಶಿಕ್ಷಕರೆಲ್ಲ ಅತ್ತೆವು. ಎರಡನೆಯ ಸಲ ಮೂರೂವರೆ ನಿಮಿಷದಲ್ಲಿ ಅಂಗಳ ತುಂಬಿತು, ಹಾಜರಿ ಪುಸ್ತಕ ಪ್ರತಿಯೊಬ್ಬ ಶಿಕ್ಷಕರ ಕಂಕುಳಲ್ಲಿತ್ತು.

ಆದ್ದರಿಂದ ಅಣ್ಣ, ನಿಮ್ಮ ಓಣಿಯ ಅಭ್ಯಾಸವನ್ನು ರಾತ್ರಿ ಊಟದ ಹೊತ್ತಿನ ನಂತರ, ದೀಪ ಆರಿಸಿ ನಡೆಸಲು ಸಾಧ್ಯವೇ ಎಂದು ಠಾಣೆಯವರನ್ನು ಕೇಳಿ. ಹಗಲಿನಲ್ಲಿ ಎಲ್ಲರಿಗೂ ಎಲ್ಲವೂ ಸುಲಭವಾಗಿ ಕಾಣುತ್ತದೆ.

ಚಳ್ಳಕೆರೆ ರೈತ (ಮಾರ್ಚ್ 29)

ಪೇಟೆಯವರಿಗೆ ಠಾಣೆ ಹತ್ತಿರವಿದೆ. ನಮ್ಮ ಹಳ್ಳಿಗೆ ತಾಲ್ಲೂಕು ಕೇಂದ್ರದಿಂದ ವಾಹನ ಬರುವಷ್ಟರಲ್ಲಿ ಶೇಂಗಾ ಹೊಟ್ಟಿನ ಬಣವೆ ಬೂದಿಯಾಗಿರುತ್ತದೆ. ಆದ್ದರಿಂದ ನಮ್ಮಲ್ಲಿ ಮುನ್ನೆಚ್ಚರಿಕೆಯೊಂದೇ ದಾರಿ. ಬಣವೆಗಳನ್ನು ಒತ್ತೊತ್ತಾಗಿ ಒಟ್ಟದೆ ನಡುವೆ ಅಂತರ ಬಿಡುವುದು, ತಂತಿಯ ಕೆಳಗೆ ಒಟ್ಟದಿರುವುದು, ಟ್ರ್ಯಾಕ್ಟರಿನಲ್ಲಿ ಮೇವು ಹೇರುವಾಗ ಜೋತುಬಿದ್ದ ವಿದ್ಯುತ್ ತಂತಿಗೆ ತಗಲದಷ್ಟೇ ಎತ್ತರಕ್ಕೆ ಹೇರುವುದು. ಕಳೆದ ವರ್ಷ ನನ್ನ ಕಣ್ಣೆದುರೇ ಹೇರು ತಂತಿಗೆ ತಗಲಿ ಹೊತ್ತಿಕೊಂಡಾಗ ಚಾಲಕ ಗಾಬರಿಯಿಂದ ಊರೊಳಗೆ ಓಡಿಸದೆ ಬಯಲಿಗೆ ತಿರುಗಿಸಿ, ಟ್ರೇಲರಿನ ಕೊಂಡಿ ಕಳಚಿದ. ಊರು ಉಳಿಯಿತು. ನಗರದವರ ತರಬೇತಿಯಲ್ಲಿ ಮೇವು ತರುವ ಚಾಲಕರನ್ನೂ ಸೇರಿಸಿದರೆ ಉಪಕಾರವಾಗುತ್ತದೆ, ಏಕೆಂದರೆ ಆ ಹೇರುಗಳು ನಿಮ್ಮ ಬೀದಿಗಳಲ್ಲಿಯೂ ಹಾದುಹೋಗುತ್ತವೆ.

ಚೌಕಿಪೇಟೆ ನಿವಾಸಿ, ದಾವಣಗೆರೆ (ಏಪ್ರಿಲ್ 18)

ಮೊನ್ನೆ ಸಪ್ತಾಹದ ಅಂಗವಾಗಿ ಠಾಣೆಯ ಸಿಬ್ಬಂದಿ ನಮ್ಮ ಓಣಿಗೆ ಬಂದಿದ್ದರು. ರಾತ್ರಿ ಎಂಟೂವರೆಗೆ, ಅಂಗಡಿಗಳು ಮುಚ್ಚುವ ಹೊತ್ತಿಗೆ ಬರುವಂತೆ ಕೋರಿದ್ದಕ್ಕೆ ಒಪ್ಪಿಕೊಂಡರು. ಮೊದಲು ವಾಹನವನ್ನು ನಿಧಾನವಾಗಿ ಒಳತಂದು ನೋಡಿದರು. ಆಟೊಗಳು ಇರಲಿಲ್ಲ, ಆದರೂ ಎರಡನೆಯ ತಿರುವಿನಲ್ಲಿ ವಾಹನ ನಿಂತಿತು: ಕೇಬಲ್ ಟಿವಿಯ ತಂತಿಗಳ ಕಂತೆ ವಾಹನದ ಮೇಲಿನ ಏಣಿಗೆ ತಗಲುವಷ್ಟು ಕೆಳಗೆ ಜೋತುಬಿದ್ದಿತ್ತು. ವರ್ಷಗಳಿಂದ ಅದರ ಕೆಳಗೇ ಓಡಾಡಿದ ನಮ್ಮಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ. ಮರುದಿನವೇ ಅದನ್ನು ಎತ್ತಿ ಕಟ್ಟಿಸಿದೆವು.

ತಟ್ಟೆಯಲ್ಲಿ ಡೀಸೆಲ್ ಹೊತ್ತಿಸಿ ಒಬ್ಬೊಬ್ಬರ ಕೈಗೂ ಅಗ್ನಿನಂದಕ ಕೊಟ್ಟರು. ಎದುರು ಮನೆಯ ಅತ್ತಿಗೆಯವರು ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಮುಂದೆ ಬಂದು, ನಾಲ್ಕೇ ಸೆಕೆಂಡಿನಲ್ಲಿ ಬೆಂಕಿ ಆರಿಸಿದಾಗ ಇಡೀ ಓಣಿ ಚಪ್ಪಾಳೆ ತಟ್ಟಿತು. ಗ್ಯಾಸ್ ಸಿಲಿಂಡರಿನ ಪಾಠವೂ ಆಯಿತು. ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ ನಿಲ್ಲುತ್ತದೆ, ವಾಸನೆ ಬಂದರೆ ಸ್ವಿಚ್ಚು ಹಾಕುವುದನ್ನೂ ಆರಿಸುವುದನ್ನೂ ಮಾಡದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು ಎಂದು ತೋರಿಸಿಕೊಟ್ಟರು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರಗಳೊಂದಿಗೆ ಬರೆದಿರುವ ಸಂಖ್ಯೆ ಮುಂದಿನ ಪರೀಕ್ಷೆಯ ತ್ರೈಮಾಸಿಕ ಮತ್ತು ವರ್ಷವನ್ನು ಸೂಚಿಸುತ್ತದೆ ಎಂಬುದು ನನಗೆ ಇಷ್ಟು ವಯಸ್ಸಾದರೂ ತಿಳಿದಿರಲಿಲ್ಲ.

ರಟ್ಟಿನ ಪೆಟ್ಟಿಗೆಗಳು ಮೆಟ್ಟಿಲ ಕೆಳಗಿನಿಂದ ಹೋಗಿವೆ, ಮೀಟರ್ ಬೋರ್ಡು ಬದಲಾಗಿದೆ. ತಾರಸಿಯ ಬೀಗದ ವಿಷಯದಲ್ಲಿ ಮಾತ್ರ ಮಾಲೀಕರು ಕಳ್ಳರ ಭಯವನ್ನು ಮುಂದೆ ಮಾಡುತ್ತಿದ್ದಾರೆ. ಆ ಭಯವೂ ಸುಳ್ಳಲ್ಲ. ಇದಕ್ಕೆ ಏನು ಪರಿಹಾರ? ತಾಯಿಯವರನ್ನು ಯಾವ ಕೋಣೆಯಲ್ಲಿ ಮಲಗಿಸುವುದು ಒಳ್ಳೆಯದು ಎಂಬುದನ್ನೂ ಹಿರಿಯರು ತಿಳಿಸಬೇಕು.

ನಿವೃತ್ತ ಪ್ರಮುಖ ಅಗ್ನಿಶಾಮಕ (ಏಪ್ರಿಲ್ 18)

ಕಳ್ಳ ಬರುವುದು ಹೊರಗಿನಿಂದ, ನೀವು ಹೋಗಬೇಕಾದದ್ದು ಒಳಗಿನಿಂದ. ತಾರಸಿಯ ಬಾಗಿಲಿಗೆ ಬೀಗವನ್ನು ತೆಗೆಸಿ, ಮೆಟ್ಟಿಲ ಕಡೆಯಿಂದ ಮಾತ್ರ ಸರಿಸಬಹುದಾದ ಎರಡು ದಪ್ಪ ಅಗುಳಿಗಳನ್ನು ಹಾಕಿಸಿ. ತಾರಸಿಯ ಕಡೆಯಿಂದ ಹಿಡಿಯಲು ಏನೂ ಇರದಂತೆ ಆ ಬದಿಗೆ ಕಬ್ಬಿಣದ ತಗಡು ಹೊಡೆಸಿ. ಅಗುಳಿ ಕತ್ತಲೆಯಲ್ಲಿ ಕೈಗೆ ಸಿಗುವ ಎತ್ತರದಲ್ಲಿರಲಿ, ಮಳೆಗಾಲ ಮುಗಿದಾಗಲೊಮ್ಮೆ ಎಣ್ಣೆ ಬಿಡಿ. ಇದನ್ನು ಒಪ್ಪದ ಮಾಲೀಕರನ್ನು ನಾನು ಈವರೆಗೆ ಕಂಡಿಲ್ಲ. ಬೇಕಾದರೆ ನಾನೇ ಬಂದು ಮಾತನಾಡುತ್ತೇನೆ.

ತಾಯಿಯವರ ಹಾಸಿಗೆ ಬೀದಿಯ ಕಡೆಯ ಕೋಣೆಯಲ್ಲಿರಲಿ. ನಮ್ಮ ವಾಹನದಲ್ಲಿ 35 ಅಡಿಯ ವಿಸ್ತರಿಸುವ ಏಣಿ ಇರುತ್ತದೆ, ನಿಮ್ಮ ಮಹಡಿಗೆ ಅದು ಮುಟ್ಟುತ್ತದೆ. ಆದರೆ ಆ ಕಿಟಕಿಗೆ ಕಬ್ಬಿಣದ ಸರಳುಗಳಿದ್ದರೆ ಏಣಿ ಮುಟ್ಟಿಯೂ ಫಲವಿಲ್ಲ, ಅವುಗಳನ್ನು ಕತ್ತರಿಸಲು ಸಮಯ ಹಿಡಿಯುತ್ತದೆ. ಒಂದು ಕಿಟಕಿಯ ಸರಳಿನ ಚೌಕಟ್ಟಿಗೆ ಬಿಜಾಗರಿ ಹಚ್ಚಿಸಿ, ಒಳಗಿನಿಂದ ಕೈಯಲ್ಲೇ ತೆರೆಯುವ ಚಿಲಕ ಇಡಿಸಿ. ಎರಡು ಅಡಿ ಅಗಲ, ಮೂರು ಅಡಿ ಎತ್ತರವಿದ್ದರೆ ಒಬ್ಬರನ್ನು ಹೆಗಲ ಮೇಲೆ ಹೊತ್ತು ಇಳಿಸಬಹುದು. ಕರೆ ಮಾಡುವಾಗ ಕೊನೆಯ ಮಹಡಿಯಲ್ಲಿ ನಡೆಯಲಾಗದ ಹಿರಿಯರಿದ್ದಾರೆ, ಬೀದಿಯ ಕಡೆಯ ಕಿಟಕಿ ತೆರೆಯುತ್ತದೆ ಎಂದು ಮೊದಲೇ ಹೇಳಿದರೆ ನಮ್ಮವರು ಏಣಿಯನ್ನು ಬಿಚ್ಚುತ್ತಲೇ ಇಳಿಯುತ್ತಾರೆ.